ಬಂದೂಕು, ‘ಹುಚ್ಚು’ ಮತ್ತು ಮನೆಮಾತು: ಗಡಿನಾಡಿನಿಂದ ಒಂದು ವಾಗ್ವಾದದ ವಿಮರ್ಶೆ

ಗುಂಡಿನ ದಾಳಿ ನಡೆದ ಮರುದಿನದ ವರದಿಗಳಲ್ಲಿ ‘ಮಾನಸಿಕ ಅಸ್ವಸ್ಥ’ ಎಂಬ ಪದ ಬಹುಬೇಗ ಕಾಣಿಸಿಕೊಳ್ಳುತ್ತದೆ. ವೈದ್ಯರ ಪರೀಕ್ಷೆ, ಪೊಲೀಸರ ತನಿಖೆ ಮುಗಿಯುವ ಮೊದಲೇ ಅದು ಕಾರಣದ ಸ್ಥಾನದಲ್ಲಿ ಕುಳಿತುಬಿಡುತ್ತದೆ. ಈ ಪದ ಏನನ್ನು ವಿವರಿಸುತ್ತದೆ, ಏನನ್ನು ಮರೆಮಾಡುತ್ತದೆ ಎಂಬುದು ಭಾಷೆಯ ಅಧ್ಯಯನಕ್ಕೂ ಸಂಬಂಧಿಸಿದ ಪ್ರಶ್ನೆ. ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಸೊರಡಿಯಂಥ ಊರಿನ ಕನ್ನಡ ಮನೆಗಳ ಕಡೆಯಿಂದ ನೋಡಿದರೆ ಆ ಪ್ರಶ್ನೆಗೆ ಇನ್ನೊಂದು ಮುಖವೂ ಇದೆ.

ಮಹಾರಾಷ್ಟ್ರದ ಇತ್ತೀಚಿನ ಒಂದು ಉದಾಹರಣೆಯನ್ನು ಗಮನಿಸಬಹುದು. 2023ರ ಜುಲೈ 31ರಂದು ಜೈಪುರದಿಂದ ಮುಂಬಯಿಗೆ ಬರುತ್ತಿದ್ದ ರೈಲಿನಲ್ಲಿ, ಪಾಲಘರ ಜಿಲ್ಲೆಯ ಹಾದಿಯಲ್ಲಿ, ರೈಲ್ವೆ ರಕ್ಷಣಾ ದಳದ ಪೇದೆಯೊಬ್ಬ ತನ್ನ ಮೇಲಧಿಕಾರಿಯನ್ನೂ ಮೂವರು ಮುಸ್ಲಿಂ ಪ್ರಯಾಣಿಕರನ್ನೂ ಸರಕಾರಿ ಬಂದೂಕಿನಿಂದ ಕೊಂದನೆಂಬುದು ಆರೋಪ. ಆತನ ಮಾನಸಿಕ ಕಾಯಿಲೆ ಇಲಾಖೆಗೆ ತಿಳಿದಿರಲಿಲ್ಲ ಎಂಬರ್ಥದ ಹೇಳಿಕೆಯನ್ನು ರೈಲ್ವೆ ಸಚಿವಾಲಯ ಹೊರಡಿಸಿ, ಬಳಿಕ ಹಿಂದಕ್ಕೆ ಪಡೆಯಿತು. ಮುಂದೆ ಆರೋಪಪಟ್ಟಿಯಲ್ಲಿ ಕೊಲೆಯ ಕಲಮಿನೊಂದಿಗೆ ಧರ್ಮಗಳ ನಡುವೆ ದ್ವೇಷ ಬೆಳೆಸುವುದರ ವಿರುದ್ಧದ ಕಲಮೂ ಸೇರಿತು. ಹೇಳಿಕೆ ಹೋದರೂ ಪದ ಉಳಿಯಿತು. ಕಾಯಿಲೆ ಎಂದೊಡನೆ ದ್ವೇಷದ ಪ್ರಶ್ನೆ ಹಿಂದೆ ಸರಿಯುತ್ತದೆ. ಬಂದೂಕನ್ನು ಕೈಗೆ ಕೊಟ್ಟ ವ್ಯವಸ್ಥೆಯ ಪ್ರಶ್ನೆಯೂ ಹಿಂದೆ ಸರಿಯುತ್ತದೆ. ಹಾಗೆಂದು ಕಾಯಿಲೆಯ ಚಿಕಿತ್ಸೆಯ ಪ್ರಶ್ನೆಯಾದರೂ ಮುಂದೆ ಬಂತೇ ಎಂದರೆ, ಅದೂ ಇಲ್ಲ.

ಈ ವಾಗ್ವಾದದ ಮಾದರಿ ಅಮೆರಿಕದ್ದು. ಅಲ್ಲಿ ಪ್ರತಿ ಸಾಮೂಹಿಕ ಹತ್ಯೆಯ ನಂತರ ಒಂದು ಪಕ್ಷ ಬಂದೂಕಿನ ಕಾನೂನನ್ನು, ಇನ್ನೊಂದು ಪಕ್ಷ ಮನೋರೋಗವನ್ನು ಮುಂದೆ ಮಾಡುತ್ತದೆ. ಮನೋರೋಗವನ್ನು ಸಂಪೂರ್ಣವಾಗಿ ಗುಣಪಡಿಸಿದರೂ ಆ ದೇಶದ ಹಿಂಸೆಯಲ್ಲಿ ತಗ್ಗುವ ಪಾಲು ಸುಮಾರು ಶೇಕಡಾ 4 ಮಾತ್ರ ಎಂಬುದು ಅಲ್ಲಿಯ ಸಂಶೋಧಕ ಜೆಫ್ರಿ ಸ್ವಾನ್ಸನ್ ಅವರ ಅಂದಾಜು. ಆದರೆ 2021ರಲ್ಲಿ ಅಲ್ಲಿ ಬಂದೂಕಿನಿಂದ ಸತ್ತ 48,830 ಜನರಲ್ಲಿ 26,328 ಮಂದಿ ಆತ್ಮಹತ್ಯೆ ಮಾಡಿಕೊಂಡವರು. ಅಂದರೆ ಮನಸ್ಸಿನ ನೋವು ಮತ್ತು ಬಂದೂಕು ಸಂಧಿಸುವ ಜಾಗ ಮುಖ್ಯವಾಗಿ ನೊಂದವನ ಸ್ವಂತ ಮನೆಯೇ ಹೊರತು ಸಂತೆ, ಶಾಲೆ, ರೈಲುಗಳಲ್ಲ. ಪರರ ಹತ್ಯೆಗೆ ಕೊಡುವ ವಿವರಣೆಯಲ್ಲಿ ಈ ಸಂಗತಿ ಕಳೆದುಹೋಗುತ್ತದೆ.

ಕನ್ನಡ–ಮರಾಠಿ ಸೀಮೆಗೆ ಬಂದೂಕಿನ ತನ್ನದೇ ಚರಿತ್ರೆಯಿದೆ. 2013ರ ಆಗಸ್ಟ್ 20ರಂದು ಪುಣೆಯಲ್ಲಿ ನರೇಂದ್ರ ದಾಭೋಳಕರ, 2015ರ ಫೆಬ್ರವರಿಯಲ್ಲಿ ಕೊಲ್ಹಾಪುರದಲ್ಲಿ ಗೋವಿಂದ ಪಾನಸರೆ, ಅದೇ ವರ್ಷದ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ. ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಗುಂಡಿಗೆ ಗುರಿಯಾದರು. ಈ ಸಾವುಗಳ ಕುರಿತ ಚರ್ಚೆಯಲ್ಲಿ ‘ಹುಚ್ಚ’ ಎಂಬ ಪದಕ್ಕೆ ಎಡೆಯೇ ಇರಲಿಲ್ಲ. ದಾಭೋಳಕರ ಪ್ರಕರಣದಲ್ಲಿ ಪುಣೆಯ ನ್ಯಾಯಾಲಯ 2024ರ ಮೇ 10ರಂದು ಇಬ್ಬರಿಗೆ ಜೀವಾವಧಿ ಶಿಕ್ಷೆ ವಿಧಿಸಿ ಮೂವರನ್ನು ಖುಲಾಸೆಗೊಳಿಸಿತು. ಅದು ಸ್ಥಿಮಿತ ತಪ್ಪಿದ ಮನಸ್ಸಿನ ಕೃತ್ಯವೆಂದು ಯಾರೂ ವಾದಿಸಲಿಲ್ಲ. ಗಡಿನಾಡು ಕಂಡ ಅತ್ಯಂತ ಪ್ರಸಿದ್ಧ ಗುಂಡಿನ ಹತ್ಯೆಗಳೇ ‘ಬಂದೂಕು ಹಿಡಿದವನು ಹುಚ್ಚ’ ಎಂಬ ಸೂತ್ರಕ್ಕೆ ಹೊಂದುವುದಿಲ್ಲ.

ಇಲ್ಲಿಯೇ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ದಾಭೋಳಕರರು ಮಿರಜದ ವೈದ್ಯಕೀಯ ಕಾಲೇಜಿನಲ್ಲಿ ಓದಿದವರು. ಸಾತಾರೆಯಲ್ಲಿ ವ್ಯಸನಮುಕ್ತಿ ಕೇಂದ್ರ ಕಟ್ಟಿದವರು. ದೆವ್ವ ಬಿಡಿಸುವ ಹೆಸರಿನಲ್ಲಿ ಹಗ್ಗ, ಸರಪಳಿಗಳಿಂದ ಕಟ್ಟಿ ಹೊಡೆಯುವುದನ್ನು ಅಪರಾಧವೆಂದು ಸಾರುವ ಕಾನೂನಿಗಾಗಿ ಅವರು ವರ್ಷಗಟ್ಟಲೆ ಹೋರಾಡಿದರು. ಅವರ ಹತ್ಯೆಯ ಕೆಲವೇ ದಿನಗಳಲ್ಲಿ ಸುಗ್ರೀವಾಜ್ಞೆ ಬಂತು. 2013ರ ಡಿಸೆಂಬರಿನಲ್ಲಿ ಕಾಯ್ದೆಯಾಯಿತು. ಕರ್ನಾಟಕದ ಇಂಥದೇ ಕಾಯ್ದೆ 2017ರದು. ಮನಸ್ಸು ಕೆಟ್ಟವರನ್ನು ಸರಪಳಿಯಿಂದ ಬಿಡಿಸಿ ವೈದ್ಯರ ಬಳಿಗೆ ಕಳುಹಿಸಬೇಕೆಂದವರು ಗುಂಡಿಗೆ ಬಲಿಯಾದರು. ಸರಪಳಿ ಬಿಚ್ಚಿದ ಮೇಲೆ ರೋಗಿ ಯಾವ ವೈದ್ಯರ ಬಳಿಗೆ ಹೋಗಬೇಕು, ಯಾವ ಭಾಷೆಯಲ್ಲಿ ಮಾತಾಡಬೇಕು ಎಂಬ ಮುಂದಿನ ಪ್ರಶ್ನೆ ಇನ್ನೂ ಬಾಕಿಯಿದೆ.

ಜತ್ತ ತಾಲೂಕಿನ ಕನ್ನಡಿಗರಿಗೆ ಈ ಪ್ರಶ್ನೆ ದಿನನಿತ್ಯದ್ದು. ಮನೆಮಾತು ಕನ್ನಡ, ಕಚೇರಿಯ ಕಾಗದ ಮರಾಠಿ. ಮಹಾರಾಷ್ಟ್ರದ ನಾಲ್ಕು ಪ್ರಾದೇಶಿಕ ಮನೋರುಗ್ಣಾಲಯಗಳು ಪುಣೆಯ ಯೆರವಡಾ, ಠಾಣೆ, ನಾಗಪುರ, ರತ್ನಾಗಿರಿಗಳಲ್ಲಿವೆ. ಜಿಲ್ಲೆಯೊಳಗಿನ ದೊಡ್ಡ ಸರಕಾರಿ ವೈದ್ಯಕೀಯ ಕಾಲೇಜು ಮಿರಜದಲ್ಲಿದೆ. ಕನ್ನಡದಲ್ಲಿ ಮಾತು ಕೇಳುವ ಆಸ್ಪತ್ರೆ ಬೇಕೆಂದರೆ ವಿಜಯಪುರ ಅಥವಾ ಧಾರವಾಡದ ಕಡೆಗೆ, ರಾಜ್ಯದ ಗಡಿ ದಾಟಿ ಹೋಗಬೇಕು.

ಮೂಳೆ ಮುರಿದಾಗ ಕ್ಷ-ಕಿರಣ ಸಾಕ್ಷಿ ಹೇಳುತ್ತದೆ. ಮನಸ್ಸಿನ ಕಾಯಿಲೆಯಲ್ಲಿ ಮಾತೇ ಮೊದಲ ಸಾಕ್ಷಿ. ಸೊರಡಿಯ ಹೆಣ್ಣುಮಗಳೊಬ್ಬಳು ವೈದ್ಯರ ಮುಂದೆ ‘ಬ್ಯಾಸರ ಆಗೇತ್ರಿ’ ಎಂದಳೆಂದು ಇಟ್ಟುಕೊಳ್ಳಬಹುದು. ಜೊತೆಗೆ ಬಂದ, ಮರಾಠಿ ಶಾಲೆಯಲ್ಲಿ ಓದುವ ಮಗ ಅದನ್ನು ‘ಕಂಟಾಳಾ’ ಎಂದು ಅನುವಾದಿಸುತ್ತಾನೆ. ಉತ್ತರದ ಕನ್ನಡದ ‘ಬ್ಯಾಸರ’ದಲ್ಲಿ ದುಃಖವೂ ನಿರಾಶೆಯೂ ಅಡಗಿವೆ, ‘ಕಂಟಾಳಾ’ದಲ್ಲಿ ಮುಖ್ಯವಾಗಿ ಕೇಳಿಸುವುದು ಬೇಜಾರು. ‘ತಲಿ ಕೆಟ್ಟೇತಿ’ ಎಂಬ ಮಾತು ಸಿಟ್ಟಿಗೂ ಸಲ್ಲುತ್ತದೆ, ಚಿಂತೆಗೂ ಸಲ್ಲುತ್ತದೆ; ಅಕ್ಷರಶಃ ಅನುವಾದಿಸಿದರೆ ಸಿಟ್ಟಿಗೆದ್ದವನು ಹುಚ್ಚನಾಗುತ್ತಾನೆ. ‘ಜೀವ ಬ್ಯಾಡಾಗೇತಿ’ ಎಂಬುದು ದಿನದ ದಣಿವಿನ ಉದ್ಗಾರವೂ ಆಗಬಹುದು, ಕೊನೆಯ ಎಚ್ಚರಿಕೆಯೂ ಆಗಬಹುದು. ಯಾವುದು ಎಂಬುದನ್ನು ಧ್ವನಿಯಿಂದ ಗುರುತಿಸಲು ಆ ಮಾತಿನೊಳಗೆ ಬೆಳೆದ ಕಿವಿ ಬೇಕು. ಅದೂ ಅಲ್ಲದೆ, ತಾಯಿ ತನ್ನ ಮಗನ ಬಾಯಿಂದ ಹೇಳಿಸಲಾರದ ಮಾತುಗಳಿರುತ್ತವೆ.

ಎರಡು ಕಾಯ್ದೆಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದರೆ ಪ್ರಭುತ್ವ ಈ ವ್ಯಕ್ತಿಯನ್ನು ಎರಡು ರೀತಿಯಲ್ಲಿ ಕಲ್ಪಿಸಿಕೊಂಡಿರುವುದು ಗೋಚರಿಸುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 14ನೆಯ ಕಲಮಿನ ಪ್ರಕಾರ ‘ಬುದ್ಧಿಸ್ಥಿಮಿತವಿಲ್ಲದ’ ವ್ಯಕ್ತಿಯೆಂದು ನಂಬಲು ಅಧಿಕಾರಿಗೆ ಕಾರಣವಿದ್ದರೆ ಪರವಾನಗಿ ಇಲ್ಲ. ನಿರ್ಬಂಧ ಸಮಂಜಸವೇ, ಆದರೆ ಆ ವಾಕ್ಯದಲ್ಲಿ ರೋಗಿ ಅಪಾಯವಾಗಿ ಮಾತ್ರ ಇದ್ದಾನೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯಲ್ಲಿ ಅವನು ಕೇಳುವ, ಒಪ್ಪುವ, ನಿರಾಕರಿಸುವ ಮನುಷ್ಯ. ಚಿಕಿತ್ಸೆಗೆ ಒಪ್ಪಿಗೆ ಪಡೆಯುವ ಮುನ್ನ ಅದರ ಲಾಭ, ಅಪಾಯ, ಪರ್ಯಾಯಗಳನ್ನು ಅವನಿಗೆ ಅರ್ಥವಾಗುವ ಭಾಷೆಯಲ್ಲಿ, ರೀತಿಯಲ್ಲಿ ತಿಳಿಸಬೇಕೆಂದು ಅದು ವಿಧಿಸುತ್ತದೆ. ಹಾಗೆ ತಿಳಿಸದೆ ಪಡೆದದ್ದು ಒಪ್ಪಿಗೆಯೇ ಅಲ್ಲ.

ಆದರೂ ಈ ಕಾಯ್ದೆಗೆ ಗಡಿಯ ಕಲ್ಪನೆಯಿಲ್ಲ. ಅದರ 18ನೆಯ ಕಲಮು ರೋಗಿ ದೂರ ಪ್ರಯಾಣ ಮಾಡಬೇಕಾಗಬಾರದು ಎನ್ನುತ್ತದೆ. ಜಿಲ್ಲೆಯಲ್ಲಿ ಸರಕಾರಿ ಸೇವೆ ಇಲ್ಲದಿದ್ದರೆ ಅದೇ ಜಿಲ್ಲೆಯ ಬೇರೆ ಸೇವೆಯನ್ನು ಸರಕಾರದ ಖರ್ಚಿನಲ್ಲಿ ಪಡೆಯುವ ಹಕ್ಕನ್ನೂ ಕೊಡುತ್ತದೆ. ಹೀಗೆ ಹಕ್ಕು ಜಿಲ್ಲೆಯ ಎಲ್ಲೆಗೆ ನಿಲ್ಲುತ್ತದೆ. ಸೊರಡಿಯ ಕನ್ನಡಿಗನಿಗೆ ತಿಳಿಯುವ ಭಾಷೆಯ ಸೇವೆ ಎಲ್ಲೆಯಾಚೆ ಇದ್ದರೆ ಖರ್ಚು ಯಾರದು ಎಂಬುದಕ್ಕೆ ಕಲಮಿನಲ್ಲಿ ಉತ್ತರವಿಲ್ಲ.

ಭಾಷಾ ಅಲ್ಪಸಂಖ್ಯಾತರ ಪರವಾದ ಚಿಂತನೆಯೂ ಇದನ್ನು ಕೇಳಿಲ್ಲ. ಸಂವಿಧಾನದ 350ಎ ಅನುಚ್ಛೇದ ಮಾತೃಭಾಷೆಯ ಪ್ರಾಥಮಿಕ ಶಿಕ್ಷಣದ ಬಗ್ಗೆ ಇದೆ. ನಮ್ಮ ಭಾಷಾ ಹೋರಾಟಗಳೂ ಶಾಲೆ, ಶಿಕ್ಷಕರ ನೇಮಕ, ನಾಮಫಲಕಗಳ ಸುತ್ತಲೇ ನಡೆದಿವೆ. 2022ರ ನವೆಂಬರಿನಲ್ಲಿ ಕರ್ನಾಟಕದ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರು ಜತ್ತ ತಾಲೂಕಿನ ಗ್ರಾಮಗಳ ಹಳೆಯ ಠರಾವುಗಳನ್ನು ಪ್ರಸ್ತಾಪಿಸಿದಾಗ ನೀರು, ನೆಲ, ಗಡಿಗಳ ಚರ್ಚೆ ಭುಗಿಲೆದ್ದಿತು. ನೀರಿನ ಬೇಡಿಕೆ ನ್ಯಾಯವಾದುದು. ಆ ಗದ್ದಲದಲ್ಲಿ ಆಸ್ಪತ್ರೆಯ ಕನ್ನಡದ ಮಾತು ಮಾತ್ರ ಕೇಳಲಿಲ್ಲ.

ಕನ್ನಡದಲ್ಲಿ ಮನಸ್ಸನ್ನು ವಿಚಾರಿಸುವ ಸಾಧನಗಳಿಲ್ಲ ಎನ್ನುವಂತಿಲ್ಲ. ಉಡುಪಿ ಜಿಲ್ಲೆಯ ಕೋಟದಲ್ಲಿ ಮಾರಿಸ್ ಕಾರ್ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ನಡೆಸಿದ ಅಧ್ಯಯನ 1976ರಲ್ಲೇ ಪುಸ್ತಕವಾಗಿ ಬಂತು. ಊರಿನವರಿಗೆ ತಿಳಿಯುವ ಮಾತಿನಲ್ಲಿ, ಅವರ ನಂಬಿಕೆಗಳನ್ನು ಒಳಗೊಂಡು ಮನೋವ್ಯಾಧಿಯನ್ನು ವಿಚಾರಿಸಬಹುದೆಂದು ಅದು ತೋರಿಸಿತು. ಬಳ್ಳಾರಿಯಲ್ಲಿ ನಿಮ್ಹಾನ್ಸ್ ರೂಪಿಸಿದ ಮಾದರಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹಬ್ಬಿತು. ಹಾಗಿದ್ದೂ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಮಹಾರಾಷ್ಟ್ರವೂ ಇರಲಿಲ್ಲ, ಕರ್ನಾಟಕವೂ ಇರಲಿಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ (14416) ಕನ್ನಡದಲ್ಲೂ ಮಾತಾಡುತ್ತದೆ. ಗಡಿಯೂರಿಗೆ ಅದು ನಿಜವಾದ ಆಸರೆ. ಆದರೆ ಫೋನಿನಾಚೆ ಮುಖಾಮುಖಿ ಚಿಕಿತ್ಸೆ ಬೇಕಾದಾಗ ರೋಗಿ ಮತ್ತೆ ಅದೇ ಮರಾಠಿ ಚೀಟಿಯ ಸಾಲಿನಲ್ಲಿ ನಿಲ್ಲುತ್ತಾನೆ.

ಅಮೆರಿಕದ ವಾಗ್ವಾದದಿಂದ ಗಡಿನಾಡು ಕಲಿಯಬಹುದಾದ ಪಾಠವೊಂದಿದ್ದರೆ, ಅದು ಕೈಗೆಟಕುವ ಸಾಧನದ ಕುರಿತದ್ದು. 2022ರಲ್ಲಿ ದೇಶದಲ್ಲಿ 1,70,924 ಆತ್ಮಹತ್ಯೆಗಳು ದಾಖಲಾದವು. ರಾಜ್ಯಗಳ ಪೈಕಿ ಮಹಾರಾಷ್ಟ್ರದ ಸಂಖ್ಯೆ ಎಲ್ಲಕ್ಕಿಂತ ಹೆಚ್ಚು. ಅಲ್ಲಿಯ ಮನೆಯಲ್ಲಿ ಬಂದೂಕು ಇರುವಂತೆ ಬರಗಾಲದ ಈ ಸೀಮೆಯ ರೈತನ ಮನೆಯಲ್ಲಿ ಕೀಟನಾಶಕ ಇರುತ್ತದೆ. ಅತಿ ವಿಷಕಾರಿ ಕೀಟನಾಶಕಗಳನ್ನು ನಿಷೇಧಿಸಿದ ಶ್ರೀಲಂಕಾದಲ್ಲಿ ಆತ್ಮಹತ್ಯೆಯ ಪ್ರಮಾಣ ಗಣನೀಯವಾಗಿ ಇಳಿಯಿತು. ಸಂಕಟದ ಗಳಿಗೆ ಹಲವರಲ್ಲಿ ಕಳೆದುಹೋಗುವಂಥದು. ಆ ಗಳಿಗೆಯಲ್ಲಿ ಸಾಧನ ದೂರವಿರಬೇಕು, ಮಾತು ಕೇಳುವವರು ಹತ್ತಿರವಿರಬೇಕು.

ಆದ್ದರಿಂದ ಈ ವಾಗ್ವಾದದಲ್ಲಿ ಬೆಸೆದುಹೋದ ಎರಡು ಪ್ರಶ್ನೆಗಳನ್ನು ಬಿಡಿಸಬೇಕಾಗಿದೆ. ಗುಂಡು ಹಾರಿದಾಗ ಆಯುಧ ಯಾರು ಕೊಟ್ಟರು, ದ್ವೇಷ ಯಾರು ಬಿತ್ತಿದರು ಎಂದು ಕೇಳಬೇಕು. ಮನೋರೋಗದ ಪ್ರಶ್ನೆಯನ್ನು ಗುಂಡಿನ ಸದ್ದಿಗೆ ಕಾಯದೆ ಕೇಳಬೇಕು: ಮಿರಜದ ಹೊರರೋಗಿ ವಿಭಾಗದಲ್ಲಿ ಕನ್ನಡ ಬಲ್ಲ ಆಪ್ತಸಮಾಲೋಚಕರಿದ್ದಾರೆಯೇ, ಒಪ್ಪಿಗೆಪತ್ರ ಕನ್ನಡದಲ್ಲಿ ಸಿಗುತ್ತದೆಯೇ, ಜತ್ತ ತಾಲೂಕಿನ ಆಶಾ ಕಾರ್ಯಕರ್ತೆಯರಿಗೆ ‘ಬ್ಯಾಸರ’ವನ್ನು ಗುರುತಿಸುವ ತರಬೇತಿ ಅವರ ಮಾತಿನಲ್ಲೇ ಆಗುತ್ತದೆಯೇ. ಗಡಿನಾಡ ಕನ್ನಡದ ಈ ಸಂಕಟದ ನುಡಿಗಟ್ಟುಗಳನ್ನು ಸಂಗ್ರಹಿಸಿ, ಮರಾಠಿ ಬಲ್ಲ ವೈದ್ಯರ ಕೈಗೆ ಅರ್ಥಸಹಿತ ಕೊಡುವ ಕೆಲಸಕ್ಕೆ ಯಾವ ಕಾಯ್ದೆಯ ತಿದ್ದುಪಡಿಯೂ ಬೇಕಿಲ್ಲ. ಅದು ಭಾಷಾ ಸಂಶೋಧನೆಯ ವ್ಯಾಪ್ತಿಯೊಳಗಿನದೇ ಕೆಲಸ.