ತಂತಿಗೆ ಚುಚ್ಚಿದ ಕಾಗದಗಳು

ಕುಣಿಗಲ್ ಕಡೆಯ ಬಸ್ಸಿನಲ್ಲಿ ಕಂಡಕ್ಟರ್ “ಗುಡೇಮಾರನಹಳ್ಳಿ ಹ್ಯಾಂಡ್‌ಪೋಸ್ಟ್ ಯಾರ್ರೀ, ಇಳೀರಿ” ಎಂದು ಕೂಗಿದಾಗಲೆಲ್ಲ ನನ್ನ ಕಿವಿ ನಿಮಿರುತ್ತದೆ. ಅಂಚೆಯ ಗೀಳು ಹತ್ತಿದವನಿಗೆ ‘ಪೋಸ್ಟ್’ ಎಂಬ ಶಬ್ದ ಎಲ್ಲಿ ಕೇಳಿದರೂ ಅಷ್ಟೇ. ಆದರೆ ಈ ಪೋಸ್ಟ್‌ಗೂ ಕಾಗದಪತ್ರಕ್ಕೂ ನಂಟಿಲ್ಲ. ರಸ್ತೆ ಕವಲೊಡೆಯುವಲ್ಲಿ ಕೈಯಾಕಾರದ ಹಲಗೆ ಹೊಡೆದು ನೆಟ್ಟ ದಾರಿತೋರುವ ಕಂಬವೇ ಹ್ಯಾಂಡ್‌ಪೋಸ್ಟ್. ಹಳೇ ಮೈಸೂರಿನ ಉದ್ದಗಲಕ್ಕೂ, ಹೆಗ್ಗಡದೇವನಕೋಟೆಯಿಂದ ಮೂಡಿಗೆರೆಯವರೆಗೆ, ಈ ಹೆಸರು ನಿಲ್ದಾಣಗಳಿಗೆ ಅಂಟಿಕೊಂಡಿದೆ. ಕನ್ನಡದಲ್ಲಿ ಅದಕ್ಕೆ ಕೈಮರ ಎಂಬ ಚೆಂದದ ಪದವಿದೆ. ಚಿಕ್ಕಮಗಳೂರಿನ ಹತ್ತಿರ ಅದೇ ಹೆಸರಿನ ಊರೂ ಇದೆ. ಕಂಬದ ಪೋಸ್ಟ್ ಮತ್ತು ಅಂಚೆಯ ಪೋಸ್ಟ್ ಎರಡೂ ಲ್ಯಾಟಿನ್ ಮೂಲದವೇ, ಬೇರು ಮಾತ್ರ ಬೇರೆ ಬೇರೆ. ಅಂಚೆಯದು ‘ಇರಿಸಿದ್ದು’ ಎಂಬ ಅರ್ಥದ ಬೇರು. ದಾರಿಯುದ್ದಕ್ಕೂ ಅಲ್ಲಲ್ಲಿ ಆಳು, ಕುದುರೆಗಳನ್ನು ಇರಿಸಿ ಸುದ್ದಿ ದಾಟಿಸುತ್ತಿದ್ದ ಏರ್ಪಾಟಿನಿಂದ ಹುಟ್ಟಿದ ಮಾತು.

ಹೋದ ತಿಂಗಳು ಅಲ್ಲಿ ಇಳಿದದ್ದು ಸೋದರತ್ತೆಯ ಮನೆಗೆ. ಹಳೇ ಮನೆ ಬಿಚ್ಚುತ್ತಿದ್ದಾರೆ, ಅಟ್ಟದ ಸಾಮಾನು ಇಳಿಸಿದ್ದಾರೆ, ಬಂದು ನೋಡು ಎಂದು ಹೇಳಿಕಳಿಸಿದ್ದರು. ಹಗೇವಿನ ಕಾಲದ ಮಂಕರಿ, ಕೊಳಗಗಳ ನಡುವೆ ನನಗಾಗಿ ಎತ್ತಿಟ್ಟದ್ದು ಒಂದು ತಂತಿ. ತುದಿಯಲ್ಲಿ ಕೊಕ್ಕೆ, ಬುಡದಲ್ಲಿ ಮರದ ಬಿಲ್ಲೆ, ಅದರ ತುಂಬ ಚುಚ್ಚಿದ ಕಾಗದಗಳು. ಮೊದಲು ಬಂದದ್ದು ತಳದಲ್ಲಿ, ಕೊನೆಗೆ ಬಂದದ್ದು ಮೇಲೆ. ಯಾವ ದಫ್ತರಖಾನೆಯೂ ನಾಚುವಂಥ ಕ್ರಮ.

“ಹುಷಾರು ಕಣಪ್ಪ, ತಂತಿ ತುಕ್ಕು ಹಿಡಿದದೆ. ಚೀಟಿ ಬೇಕಾದ್ರೆ ಕಿತ್ಕೊ, ಕಾಗದ ಒಲೆಗೆ ಹಾಕ್ತೀನಿ” ಎಂದರು ಅತ್ತೆ.

ನಾನು ಎರಡೂ ಕೈ ಅಡ್ಡ ಹಿಡಿದೆ. ಹತ್ತು ವರ್ಷದ ಹುಡುಗನಾಗಿದ್ದಾಗ ಅಜ್ಜನ ಕಾಗದಗಳ ಚೀಟಿಗಳನ್ನೆಲ್ಲ ತಟ್ಟೆಯ ನೀರಿನಲ್ಲಿ ನೆನೆಸಿ ಬಿಡಿಸಿ, ಲಕೋಟೆಗಳನ್ನು ಬಚ್ಚಲ ಒಲೆಗೆ ತುರುಕಿದವನು ನಾನು. ಆ ಚೀಟಿಗಳು ಇಂದಿಗೂ ನನ್ನ ಆಲ್ಬಮ್ಮಿನಲ್ಲಿವೆ. ಅವು ಯಾವ ಊರಿನಿಂದ ಹೊರಟವು, ಯಾರ ಕೈ ಸೇರಿದವು ಎಂದು ಹೇಳಬಲ್ಲದ್ದು ಸುಟ್ಟುಹೋಗಿದೆ.

ನಮ್ಮ ಸೀಮೆಯ ಅಂಚೆಯ ಚರಿತ್ರೆ ಚೀಟಿಯಲ್ಲಿಲ್ಲ, ಮೊಹರಿನಲ್ಲಿದೆ. ಇದು ಬರೀ ನನ್ನ ಅಭಿರುಚಿಯ ಮಾತಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, 17ನೇ ಶತಮಾನದ ಕೊನೆಯ ಭಾಗದಲ್ಲಿ, ಮೈಸೂರು ತನ್ನದೇ ಅಂಚೆ ಕಟ್ಟಿಕೊಂಡಿತು. ಕಾಗದ ಸಾಗಿಸುವುದರ ಜೊತೆಗೆ ಊರೂರಿನ ಗುಟ್ಟನ್ನು ಅರಮನೆಗೆ ಮುಟ್ಟಿಸುವುದೂ ಅದರ ಕೆಲಸವಾಗಿತ್ತು. ಹೈದರ್, ಟಿಪ್ಪು, ಪೂರ್ಣಯ್ಯ ಎಲ್ಲರ ಕಾಲವನ್ನೂ ಅದು ದಾಟಿತು. ಬ್ರಿಟಿಷರು ತಮ್ಮ ಅಂಚೆ ತಂದಮೇಲೆ ಸಂಸ್ಥಾನದಲ್ಲಿ ಎರಡು ಅಂಚೆಗಳು ಅಕ್ಕಪಕ್ಕದಲ್ಲೇ ನಡೆದವು. 1889ರ ಏಪ್ರಿಲ್‌ನಲ್ಲಿ ಮೈಸೂರು ಅಂಚೆ ಬ್ರಿಟಿಷ್ ಅಂಚೆಯಲ್ಲಿ ಲೀನವಾಯಿತು. ಇನ್ನೂರು ವರ್ಷಕ್ಕೂ ಮಿಕ್ಕ ಈ ಬಾಳಿನಲ್ಲಿ ಅದು ಒಂದೇ ಒಂದು ಅಂಚೆಚೀಟಿಯನ್ನೂ ಹೊರಡಿಸಲಿಲ್ಲ! ನೆರೆಯ ತಿರುವಾಂಕೂರು 1888ರಲ್ಲಿ, ಕೊಚ್ಚಿ 1892ರಲ್ಲಿ ತಮ್ಮ ಚೀಟಿ ತಂದವು. ಅವರ ‘ಅಂಚಲ್’ ನಮ್ಮ ‘ಅಂಚೆ’ಯ ಒಡಹುಟ್ಟು. ಮೈಸೂರು ಮಾತ್ರ ಕೈಯಲ್ಲಿ ಒತ್ತಿದ ಮೊಹರಿನಲ್ಲೇ ಕೆಲಸ ಮುಗಿಸಿತು. ಹಾಗಾಗಿ ಮೈಸೂರು ಅಂಚೆಯನ್ನು ಸಂಗ್ರಹಿಸಬೇಕೆಂದರೆ ಇಡೀ ಕಾಗದವನ್ನೇ ಇಟ್ಟುಕೊಳ್ಳಬೇಕು. ಬಿಡಿಸಿಕೊಳ್ಳಲು ಅದರ ಮೇಲೆ ಏನೂ ಇಲ್ಲ.

ಅದು ಉಳಿಸಿಹೋದ ದೊಡ್ಡ ಆಸ್ತಿ ಹೆಸರು. ಧಾರವಾಡ, ಬೆಳಗಾವಿಯವರು ಟಪಾಲು ಎನ್ನುತ್ತಿದ್ದಾಗ ನಮ್ಮವರು ಅಂಚೆ ಎಂದರು. ಇಂದು ನಾಡಿನ ಕಚೇರಿ ಫಲಕಗಳಲ್ಲೆಲ್ಲ ಅದೇ ಇದೆ. ಹಳಗನ್ನಡದಲ್ಲಿ ಅಂಚೆ ಎಂದರೆ ಹಂಸ ಎಂಬುದನ್ನು ನೆನೆದರೆ ಪದದ ಸೊಗಸು ಇಮ್ಮಡಿಸುತ್ತದೆ. ‘ಹರಿಕಾರ’ನೂ ಇದೇ ಬಳಗದವನು. ಈಗ ಕ್ರಾಂತಿಯ ಹರಿಕಾರ, ಸುಧಾರಣೆಯ ಹರಿಕಾರ ಎಂದು ದೊಡ್ಡವರಿಗೆ ಹಚ್ಚುವ ಆ ಬಿರುದು ಮೂಲದಲ್ಲಿ ಸುದ್ದಿ ಹೊತ್ತು ಓಡುತ್ತಿದ್ದ ಬರಿಗಾಲಿನ ಆಳಿನದು.

ತಂತಿಯಿಂದ ಕಾಗದಗಳನ್ನು ಒಂದೊಂದಾಗಿ ಬಿಡಿಸಲು ಇಡೀ ಮಧ್ಯಾಹ್ನ ಹಿಡಿಯಿತು. ತಳದಲ್ಲಿದ್ದದ್ದು ಆರನೇ ಜಾರ್ಜ್ ದೊರೆಯ ತಲೆಯಿರುವ ಕಾರ್ಡು. ನೇಗಿಲ ಗುಳ ತಟ್ಟಿಸಿದ ಲೆಕ್ಕ, ಕೊನೆಗೆ ನಾಲ್ಕು ಸಾಲು ಕ್ಷೇಮಸಮಾಚಾರ. ದುಂಡು ಮೊಹರಿನೊಳಗೆ ಮಸುಕಾಗಿ ‘ಕ್ಲೋಸ್‌ಪೇಟ್’ ಎಂದಿತ್ತು. ಅಂದರೆ ಈಗಿನ ರಾಮನಗರ. ಟಿಪ್ಪುವಿನ ಕಾಲದಲ್ಲಿ ಶಂಸೇರಾಬಾದ್ ಆಗಿದ್ದ ಊರಿಗೆ, ಅವನ ಪತನದ ನಂತರ ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನ ಹೆಸರು ಬಂತು. ಆಮೇಲೆ ರಾಮನಗರಂ, ಕೊನೆಗೆ ರಾಮನಗರ. ಕ್ಲೋಸ್‌ಪೇಟೆ ಈಗ ಬದುಕಿರುವುದು ಭೂವಿಜ್ಞಾನಿಗಳ ಬಾಯಲ್ಲಿ. ಅಲ್ಲಿಯ ಬಂಡೆಗಳನ್ನು ಅವರು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಅಲ್ಲಿ ಬಿಟ್ಟರೆ ಇಂಥ ಕಾರ್ಡುಗಳ ಮೇಲೆ. ಈ ಕಾರ್ಡಿನ ಮೂಲೆ ಕತ್ತರಿಸಿ ದೊರೆಯ ತಲೆ ಇಟ್ಟುಕೊಂಡಿದ್ದರೆ ಏನು ಸಿಗುತ್ತಿತ್ತು? ಅಂಥ ತಲೆಗಳು ಕೋಟಿಗಟ್ಟಲೆ ಅಚ್ಚಾಗಿವೆ.

ನನ್ನ ಎದೆ ಹೊಡೆದುಕೊಂಡದ್ದು ಇನ್ನೂ ಮೇಲಿನ ಒಂದು ಲಕೋಟೆಗೆ. 1971ರ ಡಿಸೆಂಬರಿನದು. ಬೆಂಗಳೂರಿನಲ್ಲಿ ಮಿಲ್ ಕೆಲಸಕ್ಕೆ ಸೇರಿದ್ದ ಮಗ ತಂದೆಗೆ ಬರೆದದ್ದು. “ತೀರ್ಥರೂಪುರವರಿಗೆ” ಎಂದು ತೊಡಗಿ “ಉ॥ ಕು॥ ಸಾಂಪ್ರತ” ಎಂದು ಮುಂದುವರಿಯುವ, ನಾವೆಲ್ಲ ಬರೆದಿರುವ ಬಗೆಯದೇ. ಅದರ ಮೇಲೆ ಮಾಮೂಲಿ ಚೀಟಿಯ ಪಕ್ಕ ಇನ್ನೊಂದು ಪುಟ್ಟ ಕೆಂಪು ಚೀಟಿ: ಕುಟುಂಬ ಯೋಜನೆಯ 5 ಪೈಸೆಯದು, ಮೈಮೇಲೆ ಕಪ್ಪು ಶಾಯಿಯಲ್ಲಿ ‘ರೆಫ್ಯೂಜಿ ರಿಲೀಫ್’ ಎಂಬ ಮೇಲಚ್ಚು. ಪೂರ್ವ ಬಂಗಾಳದಿಂದ ಸುಮಾರು ಒಂದು ಕೋಟಿ ನಿರಾಶ್ರಿತರು ಗಡಿ ದಾಟಿ ಬಂದ ವರ್ಷ ಅದು. ಅವರ ನೆರವಿಗಾಗಿ 1971ರ ನವೆಂಬರ್ 15ರಿಂದ ಅಂಚೆಯ ಮೇಲೆ 5 ಪೈಸೆ ಹೆಚ್ಚುವರಿ ತೆರಿಗೆ ಬಿತ್ತು. ವಿಶೇಷ ಚೀಟಿ ಅಚ್ಚಾಗಿ ಬರುವವರೆಗೆ ಕಾಯುವಂತಿರಲಿಲ್ಲ. ಇದ್ದ ಚೀಟಿಯ ಮೇಲೆಯೇ ಅಕ್ಷರ ಒತ್ತಿದರು. ನಾಸಿಕದ ಮುದ್ರಣಾಲಯದ ಮೇಲಚ್ಚು ಸಾಲದೆ ಕೆಲವು ಊರುಗಳಲ್ಲಿ ಸ್ಥಳೀಯವಾಗಿಯೂ ಒತ್ತಿದರು. ಜೈಪುರ, ದೆಹಲಿ, ಗೋವಾದ ಜೊತೆ ಆ ಪಟ್ಟಿಯಲ್ಲಿ ನಮ್ಮ ಬೆಂಗಳೂರೂ ಇದೆ. ಜಗತ್ತಿನ ಕ್ಯಾಟಲಾಗುಗಳಲ್ಲಿ ‘ಬೆಂಗಳೂರು ಮೇಲಚ್ಚು’ ಎಂದು ಅದಕ್ಕೆ ಪ್ರತ್ಯೇಕ ಸಾಲುಂಟು.

ಬಿಡಿ ಚೀಟಿಯಲ್ಲಿ ಒಂದು ಊರಿನ ಮೇಲಚ್ಚನ್ನು ಇನ್ನೊಂದರಿಂದ ಬೇರ್ಪಡಿಸಲು ಅಕ್ಷರದ ಗಾತ್ರ, ಅಂತರವನ್ನು ಭೂತಗನ್ನಡಿಯಲ್ಲಿ ಅಳೆಯಬೇಕು. ಶಾಯಿ ಕಂಡವರು ಕಳ್ಳ ಅಚ್ಚನ್ನೂ ಒತ್ತಬಹುದು. ಲಕೋಟೆಯ ಮೇಲೆಯೇ ಉಳಿದ ಚೀಟಿಗೆ ಊರು, ದಿನಾಂಕಗಳ ಮೊಹರಿನ ಬೆಂಬಲವಿದೆ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡದು ಇನ್ನೊಂದು. ಬೆಂಗಳೂರಿನ ಮಿಲ್ಲಿನ ಹುಡುಗ ಮಾಗಡಿ ತಾಲ್ಲೂಕಿನ ತಂದೆಗೆ ಬರೆದ ಕಾಗದವೂ ಆ ಯುದ್ಧದ ದಿನಗಳಲ್ಲಿ ಬಂಗಾಳದ ಡೇರೆಯಲ್ಲಿದ್ದವರಿಗೆಂದು ಐದು ಪೈಸೆ ಹೊತ್ತು ತಂದಿತ್ತು. ಚೀಟಿ, ವಿಳಾಸ, ದಿನಾಂಕ ಮೂರೂ ಒಟ್ಟಿಗಿದ್ದರೆ ಮಾತ್ರ ಇದು ಕಾಣುತ್ತದೆ. ವಿಳಾಸದಲ್ಲಿ ಹೋಬಳಿ, ತಾಲ್ಲೂಕು ಎಲ್ಲ ಇವೆ, ಪಿನ್‌ಕೋಡ್ ಇಲ್ಲ. ಅದು ಬಂದದ್ದು 1972ರ ಆಗಸ್ಟ್ 15ಕ್ಕೆ.

ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ. ಮನೆಯ ಹಳೇ ಕಾಗದಗಳಿಗೆ ನೀರು ತಾಗಿಸಬೇಡಿ, ಕತ್ತರಿ ಹಾಕಬೇಡಿ, ಸೆಲ್ಲೋಟೇಪ್ ಅಂತೂ ಬೇಡವೇ ಬೇಡ. ಅದರ ಅಂಟು ಕೆಲವೇ ವರ್ಷಗಳಲ್ಲಿ ಕಾಗದವನ್ನು ಕಂದು ಮಾಡುತ್ತದೆ. ರಿಜಿಸ್ಟರ್ಡ್ ಲಕೋಟೆಗಳಿದ್ದರೆ ಅವನ್ನೂ ಇಟ್ಟುಕೊಳ್ಳಿ. 2025ರಲ್ಲಿ ಆ ಸೇವೆ ಸ್ಪೀಡ್ ಪೋಸ್ಟ್‌ನಲ್ಲಿ ಸೇರಿಹೋಗಿದೆ. ಹಳ್ಳಿಯ ಬ್ರಾಂಚ್ ಆಫೀಸಿನ ಮೊಹರು ಸ್ಪಷ್ಟವಾಗಿ ಬಿದ್ದಿರುವ ಕಾರ್ಡು ಸಿಕ್ಕರೆ ಅದು ನಿಮ್ಮ ಊರಿನ ದಾಖಲೆ ಎಂದೇ ತಿಳಿಯಿರಿ.

ಕಾಗದಗಳನ್ನು ನಾನು ತರಲಿಲ್ಲ. ಎರಡು ರಟ್ಟಿನ ಡಬ್ಬದಲ್ಲಿ ಅದೇ ಕ್ರಮದಲ್ಲಿ ಜೋಡಿಸಿ ಅತ್ತೆಯ ಬೀರುವಿನಲ್ಲೇ ಇಟ್ಟು ಬಂದೆ. ಜೋಡಿಸುವಾಗ ಒಂದು ಸಂಗತಿ ಕಂಡಿತು. ಮೂಲೆಗೆ ಅರಿಶಿನ ಹಚ್ಚಿದ ಮದುವೆ ಕಾಗದಗಳಿದ್ದವು, ಹೆರಿಗೆಯ ಸುದ್ದಿ, ಸಾಲದ ತಗಾದೆ, ಹಬ್ಬದ ಕರೆ ಎಲ್ಲ ಇದ್ದವು. ಅಷ್ಟು ವರ್ಷಗಳ ತಂತಿಯಲ್ಲಿ ಸಾವಿನ ಕಾಗದ ಒಂದೂ ಇರಲಿಲ್ಲ. ಅತ್ತೆಯನ್ನು ಕೇಳಿದೆ.

“ಅಂಥದ್ದನ್ನ ಹೊಸ್ಲು ದಾಟಿಸ್ತಿರ್ಲಿಲ್ಲ ಕಣಪ್ಪ. ಜಗ್ಲಿ ಮೇಲೆ ನಿಂತೇ ಓದಿ ಹರಿದು ಹಾಕಿ, ಕಾಲು ತೊಳ್ಕೊಂಡು ಒಳಕ್ಕೆ ಬರ್ತಿದ್ರು ನಿಮ್ಮಾವ.”