ಪಂಟ್ ಕಲಿಸಿದ ಕುಲಪತಿ

ಅಮೆರಿಕನ್ ಫುಟ್‌ಬಾಲಿನಲ್ಲಿ ಪಂಟ್ ಎಂಬ ಒದೆತವೊಂದಿದೆ. ಹತ್ತು ಗಜ ಮುಂದೆ ಸಾಗಲು ತಂಡಕ್ಕೆ ನಾಲ್ಕು ಅವಕಾಶಗಳು. ಮೂರರಲ್ಲಿ ಸಾಧ್ಯವಾಗದಿದ್ದರೆ ನಾಲ್ಕನೆಯದನ್ನು ಪಣಕ್ಕೊಡ್ಡದೆ, ಚೆಂಡನ್ನು ಎತ್ತರಕ್ಕೆ, ದೂರಕ್ಕೆ ಒದ್ದು ಎದುರಾಳಿಗೇ ಬಿಟ್ಟುಕೊಡುತ್ತಾರೆ. ಚೆಂಡೇನೋ ಹೋಯಿತು. ಆದರೆ ಎದುರಾಳಿ ಈಗ ಅಂಗಳದ ತೀರಾ ಹಿಂದಿನ ತುದಿಯಿಂದ ಹೊರಡಬೇಕು. ನೋಡುವವರಿಗೆ ಬೇಸರ ತರಿಸುವ ಈ ಒದೆತವೇ ಇಡೀ ಆಟದಲ್ಲಿ ಎಲ್ಲಕ್ಕಿಂತ ಮುಖ್ಯ ಎಂದು ಕಾಲೇಜು ಕೋಚ್ ಜಿಮ್ ಟ್ರೆಸೆಲ್ ತಮ್ಮ ಹುಡುಗರಿಗೆ ವರ್ಷಗಟ್ಟಲೆ ಹೇಳಿಕೊಟ್ಟರು. ಗೆಲ್ಲುವ ಮೊದಲು ನಿಲ್ಲುವ ಜಾಗ ಸರಿಮಾಡಿಕೊಳ್ಳಬೇಕು ಎಂಬುದು ಅವರ ಆಟದ ಮೂಲ. ಅವರು ಮುಂದೆ ಒಂದು ವಿಶ್ವವಿದ್ಯಾಲಯವನ್ನು ಒಂಬತ್ತು ವರ್ಷದ ಹತ್ತಿರ ನಡೆಸಿದ್ದೂ ಇದೇ ಬುದ್ಧಿಯಿಂದ ಎಂದು ನನಗೆ ಅನಿಸುತ್ತದೆ.

ಟ್ರೆಸೆಲ್‌ಗೆ ಇದು ಮನೆತನದ ವಿದ್ಯೆ. ತಂದೆ ಲೀ ಟ್ರೆಸೆಲ್ ಒಹಾಯೊ ರಾಜ್ಯದ ಬಾಲ್ಡ್‌ವಿನ್-ವಾಲೆಸ್ ಎಂಬ ಸಣ್ಣ ಕಾಲೇಜಿನ ಕೋಚ್. 1978ರಲ್ಲಿ ಆ ಕಾಲೇಜಿಗೆ ಮೂರನೇ ದರ್ಜೆಯ ರಾಷ್ಟ್ರೀಯ ಕಿರೀಟ ತಂದವರು. ಮಗ ಅಪ್ಪನ ತಂಡದಲ್ಲೇ ದಾಳಿಯ ಸೂತ್ರ ಹಿಡಿಯುವ ಕ್ವಾರ್ಟರ್‌ಬ್ಯಾಕ್ ಆಗಿ ಆಡಿ, ಶಿಕ್ಷಣಶಾಸ್ತ್ರದಲ್ಲಿ ಪದವಿ ಪಡೆದರು. ಆಮೇಲೆ ಆಕ್ರನ್‌ನಲ್ಲಿ ಸಹಾಯಕ ಕೋಚ್ ಆಗಿದ್ದುಕೊಂಡೇ ಸ್ನಾತಕೋತ್ತರ ಪದವಿ ಮುಗಿಸಿದರು. ಅವರ ಓದು ಅಷ್ಟೇ. ಮುಂದೆ ಇದೇ ದೊಡ್ಡ ಪ್ರಶ್ನೆಯಾಯಿತು.

1986ರಲ್ಲಿ ಅವರು ಯಂಗ್ಸ್‌ಟೌನ್ ಸ್ಟೇಟ್ ವಿಶ್ವವಿದ್ಯಾಲಯದ ಮುಖ್ಯ ಕೋಚ್ ಆಗಿ ಬಂದರು. ಆ ಊರನ್ನು ಅರಿಯದೆ ಟ್ರೆಸೆಲ್ ಅರ್ಥವಾಗುವುದಿಲ್ಲ. ಯಂಗ್ಸ್‌ಟೌನ್ ಉಕ್ಕಿನ ಊರು. 1977ರ ಸೆಪ್ಟೆಂಬರ್ 19ರ ಸೋಮವಾರ ಯಂಗ್ಸ್‌ಟೌನ್ ಶೀಟ್ ಅಂಡ್ ಟ್ಯೂಬ್ ಕಂಪನಿ ತನ್ನ ಕ್ಯಾಂಪ್‌ಬೆಲ್ ಕಾರ್ಖಾನೆಯನ್ನು ಮುಚ್ಚುವುದಾಗಿ ಸಾರಿತು. ಸುಮಾರು 5,000 ಕುಟುಂಬಗಳ ಅನ್ನ ಹೋಯಿತು. ಅಲ್ಲಿಯವರು ಇಂದಿಗೂ ಆ ದಿನವನ್ನು ಕರಾಳ ಸೋಮವಾರ ಎನ್ನುತ್ತಾರೆ. ಒಂದರ ಹಿಂದೆ ಒಂದು ಉಳಿದ ಗಿರಣಿಗಳೂ ಬಾಗಿಲು ಹಾಕಿದವು. 1930ರಲ್ಲಿ 1,70,000 ಜನರಿದ್ದ ಊರಿನಲ್ಲಿ 2010ರ ಹೊತ್ತಿಗೆ 67,000 ಜನ ಉಳಿದಿದ್ದರು. ಆ ಊರಿನ ತಂಡ ಟ್ರೆಸೆಲ್ ಬಂದ ಮೊದಲ ವರ್ಷ ಎರಡು ಪಂದ್ಯ ಗೆದ್ದು ಒಂಬತ್ತು ಸೋತಿತು. ಐದು ವರ್ಷದ ನಂತರ, 1991ರಲ್ಲಿ, ಅದು ತನ್ನ ದರ್ಜೆಯ ರಾಷ್ಟ್ರೀಯ ಚಾಂಪಿಯನ್. 1993, 1994, 1997ರಲ್ಲಿ ಮತ್ತೆ ಅದೇ ಪಟ್ಟ. ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ಅಪ್ಪ ಮಗ ಇಬ್ಬರೂ ರಾಷ್ಟ್ರೀಯ ಕಿರೀಟ ಗೆದ್ದ ಮೊದಲ ಉದಾಹರಣೆ ಇದು. ಉಕ್ಕು ಹೋದ ಊರಿಗೆ ಹೆಮ್ಮೆಯಿಂದ ಹೇಳಿಕೊಳ್ಳಲು ಶನಿವಾರದ ಪಂದ್ಯವೊಂದು ಸಿಕ್ಕಿತು. ದೊಡ್ಡ ವಿಶ್ವವಿದ್ಯಾಲಯಗಳ ಕೋಚ್‌ಗಳಿಗೆ ಸಿಗುವ ಕೋಟಿಗಟ್ಟಲೆ ಸಂಬಳದ ನಡುವೆ ಇಂಥ ಕೆಲಸದ ಬೆಲೆ ಯಾರ ಕಣ್ಣಿಗೂ ಬೀಳುವುದಿಲ್ಲ.

2001ರಲ್ಲಿ ಒಹಾಯೊ ಸ್ಟೇಟ್ ಅವರನ್ನು ಕರೆಸಿಕೊಂಡಿತು. ಹಿಂದಿನ ಕೋಚ್ ಹದಿಮೂರು ವರ್ಷದಲ್ಲಿ ಬದ್ಧವೈರಿ ಮಿಷಿಗನ್ನನ್ನು ಸೋಲಿಸಿದ್ದು ಎರಡೇ ಸಲ. ಟ್ರೆಸೆಲ್ ಮೊದಲ ದಿನವೇ ಬಾಸ್ಕೆಟ್‌ಬಾಲ್ ಪಂದ್ಯದ ವಿರಾಮದಲ್ಲಿ ಎದ್ದು ನಿಂತು, ತರಗತಿಯಲ್ಲೂ ಸಮಾಜದಲ್ಲೂ, 310 ದಿನಗಳ ನಂತರ ಮಿಷಿಗನ್ ಅಂಗಳದಲ್ಲೂ ನಮ್ಮ ಹುಡುಗರು ನಿಮಗೆ ಹೆಮ್ಮೆ ತರುತ್ತಾರೆ ಎಂದು ಮಾತು ಕೊಟ್ಟರು. ಕೊಟ್ಟ ಮಾತು ಉಳಿಸಿಕೊಂಡರು. ಹತ್ತು ವರ್ಷದಲ್ಲಿ ಒಂಬತ್ತು ಸಲ ಮಿಷಿಗನ್ ಅವರ ಮುಂದೆ ಸೋತಿತು.

2002ರ ಋತು ಅವರ ಕಲೆಯ ಶಿಖರ. ಹದಿನಾಲ್ಕು ಪಂದ್ಯ, ಹದಿನಾಲ್ಕೂ ಗೆಲುವು, ಅದರಲ್ಲಿ ಅರ್ಧದಷ್ಟು ಕೂದಲೆಳೆಯ ಅಂತರದ್ದು. ಪರ್ಡ್ಯೂ ವಿರುದ್ಧ 3-6ರಿಂದ ಹಿಂದಿದ್ದಾಗ, ಎರಡು ನಿಮಿಷವೂ ಉಳಿಯದ ಹೊತ್ತಿನಲ್ಲಿ, ನಾಲ್ಕನೇ ಅವಕಾಶದಲ್ಲಿ ಒಂದು ಗಜ ಬೇಕಿತ್ತು. ಒಂದು ಗಜಕ್ಕೆ ಓಡಿಸಬಹುದಿತ್ತು. ಕ್ವಾರ್ಟರ್‌ಬ್ಯಾಕ್ ಕ್ರೇಗ್ ಕ್ರೆನ್ಜೆಲ್ 37 ಗಜ ದೂರಕ್ಕೆ ಎಸೆದರು, ಮೈಕೆಲ್ ಜೆಂಕಿನ್ಸ್ ಹಿಡಿದರು, ಟಚ್‌ಡೌನ್. ಅಂತಿಮ ಅಂಕ 10-6. ಅತಿ ಎಚ್ಚರದವರು ಎಂದು ಟ್ರೆಸೆಲ್ಲರನ್ನು ಹಳಿಯುವವರು ಆ ಎಸೆತವನ್ನು ಮತ್ತೊಮ್ಮೆ ನೋಡಬೇಕು. ಕೊನೆಯ ಪಂದ್ಯದಲ್ಲಿ, ಸತತ 34 ಗೆಲುವುಗಳ ಮಯಾಮಿ ತಂಡವನ್ನು ಎರಡು ಹೆಚ್ಚುವರಿ ಅವಧಿಗಳ ನಂತರ 31-24ರಿಂದ ಮಣಿಸಿದರು.

ಪತನವೂ ಅಲ್ಲೇ ಕಾದಿತ್ತು. 2010ರ ಏಪ್ರಿಲ್‌ನಲ್ಲಿ ಕೊಲಂಬಸ್‌ನ ವಕೀಲರೊಬ್ಬರು ಅವರಿಗೆ ಇಮೇಲ್ ಬರೆದರು. ತಂಡದ ಆಟಗಾರರು ತಮ್ಮ ಸ್ಮರಣಿಕೆಗಳನ್ನು ಹಚ್ಚೆ ಅಂಗಡಿಯವನಿಗೆ ಮಾರುತ್ತಿದ್ದಾರೆ ಎಂಬುದು ಅದರ ಸಾರ. ಕಾಲೇಜು ಆಟಗಾರರಿಗೆ ಆಗ ಅದು ನಿಷಿದ್ಧ. ನಿಯಮದ ಪ್ರಕಾರ ಕೂಡಲೇ ವಿಶ್ವವಿದ್ಯಾಲಯಕ್ಕೆ ತಿಳಿಸಬೇಕಿತ್ತು. ಅವರು ತಿಳಿಸಲಿಲ್ಲ. ಸೆಪ್ಟೆಂಬರಿನಲ್ಲಿ, ಯಾವ ಉಲ್ಲಂಘನೆಯೂ ತನಗೆ ಗೊತ್ತಿಲ್ಲವೆಂಬ ನಮೂನೆಗೆ ಸಹಿ ಹಾಕಿದರು. ವಿಷಯ ಗೋಪ್ಯವಾಗಿತ್ತು, ಸರ್ಕಾರಿ ತನಿಖೆ ನಡೆದಿತ್ತು ಎಂಬುದು ನಂತರ ಅವರು ಕೊಟ್ಟ ಕಾರಣ. ಆದರೆ ಆ ಇಮೇಲನ್ನು ಅವರು ಆಟಗಾರನೊಬ್ಬನ ಊರಿನ ಹಿತೈಷಿಗೆ ಕಳಿಸಿದ್ದರು. ಹೊರಗಿನವರಿಗೆ ಹೇಳಬಹುದಾದದ್ದನ್ನು ತನ್ನ ಸಂಸ್ಥೆಗೆ ಹೇಳದಿರುವುದಕ್ಕೆ ಸಮರ್ಥನೆಯಿಲ್ಲ. ಹುಡುಗರನ್ನು ಕಾಪಾಡಲು ಹೊರಟರು ಎಂಬ ಅಭಿಮಾನಿಗಳ ಮಾತನ್ನು ನಾನು ಒಪ್ಪುವುದಿಲ್ಲ. ಯಂಗ್ಸ್‌ಟೌನ್‌ನಲ್ಲೂ 1991ರ ತಂಡದ ಕ್ವಾರ್ಟರ್‌ಬ್ಯಾಕ್ ಶ್ರೀಮಂತ ಬೆಂಬಲಿಗರಿಂದ ಹಣ ಪಡೆದಿದ್ದು ವರ್ಷಗಳ ನಂತರ ಹೊರಬಿದ್ದಿತ್ತು. ಎಚ್ಚರಿಕೆ ಒಮ್ಮೆ ಸಿಕ್ಕಿತ್ತು.

2011ರ ಮೇ 30ರಂದು ರಾಜೀನಾಮೆ. 2010ರ ಗೆಲುವುಗಳೆಲ್ಲ, ಮಿಷಿಗನ್ ಮೇಲಿನದೂ ಸೇರಿ, ದಾಖಲೆಯಿಂದ ಅಳಿಸಿಹೋದವು. ಅವರನ್ನು ಕೋಚ್ ಆಗಿ ನೇಮಿಸಿಕೊಳ್ಳುವ ಕಾಲೇಜು ಐದು ವರ್ಷ ಶಿಕ್ಷೆಯ ಭಾರ ಹೊರಬೇಕಾಗಿತ್ತು. 2012ರ ತಂಡ ಹನ್ನೆರಡಕ್ಕೆ ಹನ್ನೆರಡೂ ಗೆದ್ದರೂ ಋತುವಿನ ಕೊನೆಯ ಪಂದ್ಯಕ್ಕೆ ಅನರ್ಹ. ಈ ತಪ್ಪಿನ ಬೆಲೆ ತೆತ್ತವರಲ್ಲಿ ಅದರಲ್ಲಿ ಪಾಲೇ ಇಲ್ಲದ ಹುಡುಗರಿದ್ದರು. ನನ್ನನ್ನು ಬಾಧಿಸುವುದು ಅದು.

ಅಂಗಳದ ಬಾಗಿಲು ಮುಚ್ಚಿದಾಗ ಆಕ್ರನ್ ವಿಶ್ವವಿದ್ಯಾಲಯ ಅವರನ್ನು ಉಪಾಧ್ಯಕ್ಷರನ್ನಾಗಿ ಕರೆಯಿತು. 2014ರಲ್ಲಿ ಯಂಗ್ಸ್‌ಟೌನ್ ಸ್ಟೇಟ್ ಅಧ್ಯಕ್ಷ ಪೀಠವನ್ನೇ ಕೊಟ್ಟಿತು. ಅಲ್ಲಿ ಅಧ್ಯಕ್ಷ ಎಂದರೆ ನಮ್ಮಲ್ಲಿ ಕುಲಪತಿ. ಪಿಎಚ್‌ಡಿ ಇಲ್ಲ, ಪ್ರಾಧ್ಯಾಪಕರಾಗಿ ದುಡಿದಿಲ್ಲ, ಮೇಲೆ ಹಗರಣದ ಕಳಂಕ. ನಮ್ಮ ಯುಜಿಸಿಯ 2018ರ ನಿಯಮದಂತೆ ಹತ್ತು ವರ್ಷ ಪ್ರಾಧ್ಯಾಪಕರಾಗಿಯೋ, ಹೆಸರಾಂತ ಸಂಶೋಧನಾ ಅಥವಾ ಶೈಕ್ಷಣಿಕ ಆಡಳಿತ ಸಂಸ್ಥೆಯಲ್ಲೋ ದುಡಿಯದವರ ಅರ್ಜಿಯೇ ನಿಲ್ಲುವುದಿಲ್ಲ. ಅಲ್ಲಿಯೂ ಆಕ್ಷೇಪಗಳೆದ್ದವು, ಅವು ನ್ಯಾಯವಾದವೇ ಆಗಿದ್ದವು. ಆದರೆ ಹಿಂದಿನ ಅಧ್ಯಕ್ಷರು ವರ್ಷವೂ ತುಂಬುವ ಮೊದಲು ಬೇರೆ ಕಡೆ ಹೋಗಿದ್ದರು. ವಿದ್ಯಾರ್ಥಿಗಳ ಸಂಖ್ಯೆ ಇಳಿಯುತ್ತಿತ್ತು, ಬಜೆಟ್ ಕೊರತೆಯಲ್ಲಿತ್ತು. ಊರು ಬಿಟ್ಟುಹೋಗದವರೊಬ್ಬರು ಬೇಕಿತ್ತು.

ಅವರು ಹಣ ಕೂಡಿಸುವುದರಲ್ಲಿ ಕೋಚ್‌ನ ಕಸುಬನ್ನೆಲ್ಲ ಬಳಸಿದರು. ಹುಡುಗನನ್ನು ತಂಡಕ್ಕೆ ಸೇರಿಸಿಕೊಳ್ಳಲು ಅವನ ಮನೆಗೆ ಹೋಗಿ ಅವನಮ್ಮನೆದುರು ಕೂತು ಮಾತಾಡಿ ರೂಢಿಯಿದ್ದವರಿಗೆ ದಾನಿಯ ಎದುರು ಕೂರುವುದು ಹೊಸದೇನಲ್ಲ. 10 ಕೋಟಿ ಡಾಲರ್ ಗುರಿಯ ಅಭಿಯಾನ 12 ಕೋಟಿ ದಾಟಿತು. ಕ್ಯಾಂಪಸ್ ಸುತ್ತ ಹೊಸ ವಿದ್ಯಾರ್ಥಿ ವಸತಿಗಳು ಎದ್ದವು. 2019ರ ಮಾರ್ಚಿನಲ್ಲಿ ಹತ್ತಿರದ ಲಾರ್ಡ್ಸ್‌ಟೌನ್‌ನ ಜನರಲ್ ಮೋಟರ್ಸ್ ಕಾರು ಕಾರ್ಖಾನೆ ನಿಂತಾಗ ಊರಿಗೆ 1977ರ ನೆನಪು ಮರುಕಳಿಸಿತು. ಎರಡು ವರ್ಷದ ನಂತರ ವಿಶ್ವವಿದ್ಯಾಲಯದಲ್ಲಿ ಆಧುನಿಕ ತಯಾರಿಕಾ ಕೌಶಲ ಕಲಿಸುವ ಕೇಂದ್ರ ತೆರೆಯಿತು. ಅವರ ಅವಧಿಯ ಕೆಲಸಗಳಲ್ಲಿ ನಾನು ಹೆಚ್ಚು ಬೆಲೆ ಕೊಡುವುದು ಇದಕ್ಕೆ.

ಅಧ್ಯಾಪಕರ ಜೊತೆಗಿನ ಸಂಬಂಧ ಮಾತ್ರ ಹದಗೆಟ್ಟಿತು. 2020ರ ಅಕ್ಟೋಬರಿನಲ್ಲಿ ಅಧ್ಯಾಪಕರು ಮುಷ್ಕರ ಹೂಡಿದರು. 2021ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಕೋರ್ಸುಗಳನ್ನು ನಿಲ್ಲಿಸುವ ತೀರ್ಮಾನವಾಯಿತು, ಕೆಲವರ ಕೆಲಸ ಹೋಯಿತು. ತಂಡದಲ್ಲಿ ಕೋಚ್ ಹೇಳಿದ್ದನ್ನು ಹುಡುಗರು ಕೇಳುತ್ತಾರೆ. ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರೂ ಆಡಳಿತದ ಪಾಲುದಾರರು. ತರಗತಿ, ಸಂಶೋಧನೆಗಳ ನಡುವೆ ಬೆಳೆದ ವಿದ್ವಾಂಸರಿಗೆ ಇದು ಹೇಳದೆ ಗೊತ್ತಿರುತ್ತದೆ. ಟ್ರೆಸೆಲ್ ಅವರ ಓದಿನ ಕೊರತೆ ಕಾಣಿಸಿದ್ದು ಇಲ್ಲೇ.

2023ರ ಫೆಬ್ರವರಿಯಲ್ಲಿ ಅವರು ನಿವೃತ್ತರಾದರು. ಎರಡು ವರ್ಷದ ನಂತರ, ವಯಸ್ಸು 72 ಆಗಿದ್ದಾಗ, ಗವರ್ನರ್ ಮೈಕ್ ಡಿವೈನ್ ಅವರನ್ನು ಒಹಾಯೊದ ಲೆಫ್ಟಿನೆಂಟ್ ಗವರ್ನರ್ ಹುದ್ದೆಗೆ ಆರಿಸಿದರು. ಶಿಕ್ಷಣ, ಉದ್ಯೋಗ ಕೌಶಲಗಳತ್ತ ಅವರು ಗಮನ ಕೊಡಬೇಕೆಂಬುದು ಗವರ್ನರ್ ಬಯಕೆ. ಉಕ್ಕು, ರಬ್ಬರ್, ಕಾರು ಕಳೆದುಕೊಂಡ ಊರುಗಳಿಗೆ ಆ ರಾಜ್ಯದಲ್ಲಿ ಕೊರತೆಯಿಲ್ಲ. ಆ ಕೆಲಸಕ್ಕೆ ಯಂಗ್ಸ್‌ಟೌನ್‌ಗಿಂತ ಒಳ್ಳೆಯ ಅಭ್ಯಾಸದ ಅಂಗಳ ಅವರಿಗೆ ಬೇರೆಲ್ಲೂ ಸಿಗುತ್ತಿರಲಿಲ್ಲ.