ಅನಮೋಡದ ಕಾಡು, ಹತ್ತು ಚೀಟಿ

2023ರ ಏಪ್ರಿಲ್‌ನಲ್ಲಿ ಮೈಸೂರಿನಲ್ಲಿ ಘೋಷಣೆಯಾಯಿತು: ದೇಶದಲ್ಲಿ ಕನಿಷ್ಠ 3,167 ಹುಲಿ. ಜುಲೈನಲ್ಲಿ ಅದೇ ಲೆಕ್ಕ 3,682 ಆಯಿತು. ಮೂರೇ ತಿಂಗಳಲ್ಲಿ ಐನೂರು ಮರಿ ಹುಟ್ಟಲಿಲ್ಲ. ಎರಡೂ 2022ರ ಗಣತಿಯವೇ. ಒಂದು ಕೆಳಗಿನ ಅಂಚು, ಇನ್ನೊಂದು ಸರಾಸರಿ. ಮೇಲಿನ ಅಂಚು 3,925. ಅಂಚುಗಳನ್ನು ಬಿಟ್ಟು ನಡುವಿನದನ್ನಷ್ಟೇ ಹೇಳಿದರೆ ಅದು ಅರ್ಧ ಸುದ್ದಿ.

ಅಂಚು ಹುಡುಕುವ ವಿಧಾನ ಹಲವಿವೆ. ನನಗೆ ಅಚ್ಚುಮೆಚ್ಚು ಬೂಟ್‌ಸ್ಟ್ರಾಪ್. ಸಂಖ್ಯಾಶಾಸ್ತ್ರಜ್ಞ ಬ್ರಾಡ್ಲಿ ಎಫ್ರಾನ್ 1979ರಲ್ಲಿ ಪ್ರಕಟಿಸಿದ್ದು. ಬಂಗಾಳದ ಸೆಣಬು ಬೆಳೆಯ ಸಮೀಕ್ಷೆಯಲ್ಲಿ ನಮ್ಮ ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಒಂದೇ ಮಾದರಿಯನ್ನು ಒಳಗೊಳಗೇ ಹೋಲಿಸಿ ನೋಡಿದ್ದು ಇದಕ್ಕೆ ಹಿರಿಯಣ್ಣ.

ಬೂಟ್‌ಸ್ಟ್ರಾಪ್ ಹೇಗೆಂದು ಒಂದು ಉದಾಹರಣೆಯಲ್ಲಿ ನೋಡೋಣ. ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ, ಅನಮೋಡದ ಸುತ್ತ ಹತ್ತು ಕಾಲುದಾರಿ ನಡೆದು ಕಾಡುಕೋಣ ಎಣಿಸಿದೆವು ಅಂದುಕೊಳ್ಳಿ. ಲೆಕ್ಕಕ್ಕಾಗಿ ನಾನೇ ಕಟ್ಟಿದ ಅಂಕಿಗಳು: 0, 1, 0, 3, 0, 0, 7, 2, 0, 1. ಸರಾಸರಿ 1.4. ಹತ್ತು ಚೀಟಿ ಬರೆದು ಡಬ್ಬಿಗೆ ಹಾಕಿ. ಒಂದನ್ನು ಎತ್ತಿ, ಗುರುತು ಹಾಕಿಕೊಂಡು, ಮತ್ತೆ ಡಬ್ಬಿಗೇ ಬಿಟ್ಟು ಕುಲುಕಿ. ವಾಪಸ್ ಹಾಕುವುದೇ ಇಲ್ಲಿ ಜೀವಾಳ. ಹಾಕದಿದ್ದರೆ ಪ್ರತಿ ಸಲವೂ ಅದೇ 1.4. ಹತ್ತು ಸಲ ಎತ್ತಿದರೆ ಒಂದು ಹೊಸ ಸರಾಸರಿ. ಇಂಥ ಸಾವಿರ ಸರಾಸರಿಗಳನ್ನು ಸಾಲಾಗಿಟ್ಟು ಎರಡೂ ತುದಿಯಿಂದ 25ರಂತೆ ತೆಗೆದರೆ ಉಳಿಯುವುದು ಶೇಕಡಾ 95ರ ವಿಶ್ವಾಸಾಂತರ, ಅಂದರೆ ಕೆಳಗಿನ ಅಂಚಿನಿಂದ ಮೇಲಿನ ಅಂಚಿನವರೆಗಿನ ಹರವು. ಇಲ್ಲಿ ಅದು ಸುಮಾರು 0.3ರಿಂದ 2.9. ಸಾವಿರ ಸಲ ಕೈಯಲ್ಲಿ ಎತ್ತಬೇಡಿ, ಕಂಪ್ಯೂಟರ್ ಕ್ಷಣದಲ್ಲಿ ಮುಗಿಸುತ್ತದೆ. ಆದರೆ ಮೊದಲ ಹತ್ತಿಪ್ಪತ್ತನ್ನು ಕೈಯಾರೆ ಮಾಡಿದರೇ ರುಚಿ ಹತ್ತುವುದು.

ಅಂತರ ಇಷ್ಟು ಅಗಲವಾಗಲು ಕಾರಣ ಆ 7, ಅಂದರೆ ಎದುರಾದ ಒಂದು ಹಿಂಡು. ಮೂರಕ್ಕೆ ಒಂದರಷ್ಟು ಸರದಿಗಳಲ್ಲಿ 7ರ ಚೀಟಿ ಬರುವುದೇ ಇಲ್ಲ. ಕೆಲವು ಸರದಿಗಳಲ್ಲಿ ಎರಡು ಮೂರು ಸಲ ಬರುತ್ತದೆ. ಆ ಹಿಂಡು ಸಿಗದೇ ಹೋಗಿದ್ದರೆ ನಮ್ಮ ಲೆಕ್ಕ ಎಷ್ಟಿರುತ್ತಿತ್ತು ಎಂದು ಡಬ್ಬಿ ಹೇಳುತ್ತಿದೆ.

ಒಂದೇ ದಾರಿಯನ್ನು ಐದು ದಿನ ನಡೆದು ಐದು ಚೀಟಿ ಮಾಡುವವರಿದ್ದಾರೆ. ಅದು ಮೋಸವೇ. ಅಂತರ ಕಿರಿದಾಗಿ ಕಾಣುತ್ತದೆ, ಕಾಡಿನ ಬಗ್ಗೆ ತಿಳಿದದ್ದು ಹೆಚ್ಚಿರುವುದಿಲ್ಲ. ಚೀಟಿ ದಾರಿಗೊಂದೇ ಇರಬೇಕು. ಹತ್ತೂ ದಾರಿ ಬೆಳಗಾವಿ–ಪಣಜಿ ಹೆದ್ದಾರಿಯ ಮಗ್ಗುಲಲ್ಲೇ ಇದ್ದರೆ ಬೂಟ್‌ಸ್ಟ್ರಾಪ್ ಹೆದ್ದಾರಿ ಬದಿಯ ಕಥೆ ಹೇಳೀತೇ ಹೊರತು ಒಳಗಾಡಿನದ್ದಲ್ಲ. ಹತ್ತಕ್ಕಿಂತ ಕಡಿಮೆ ದಾರಿಯಿಂದ ಬಂದ ಅಂತರವನ್ನು ನಾನಂತೂ ನಂಬುವುದಿಲ್ಲ. ಇಪ್ಪತ್ತಿದ್ದರೆ ಕೂತು ಮಾತಾಡಬಹುದು.